ಉನ್ನತ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ: ಕ್ಯಾಂಪಸ್ ಗ್ರಂಥಾಲಯದಲ್ಲಿ ಇರುವುದು ವಿದ್ಯಾರ್ಥಿಯ ಕೈಗೆ ಸಿಗಲಿ

ಮಂಗಳೂರು

ಉನ್ನತ ಶಿಕ್ಷಣ ಸಚಿವರು, ಕರ್ನಾಟಕ ಸರ್ಕಾರ, ಇವರಿಗೆ

ಮಾನ್ಯರೇ,

ರಾಜ್ಯದ ವಿಶ್ವವಿದ್ಯಾನಿಲಯಗಳ ಸಮಕುಲಾಧಿಪತಿಗಳೂ ಆಗಿರುವ ತಮ್ಮಲ್ಲಿ ಮಂಗಳೂರು, ಉಡುಪಿ ಕಡೆಯ ಗ್ರಂಥಾಲಯ ಸಿಬ್ಬಂದಿ ಮತ್ತು ಅಧ್ಯಾಪಕರಾದ ನಮ್ಮದೊಂದು ಬೇಡಿಕೆಯಿದೆ. ಮುಂದಿನ ಅನುದಾನದಲ್ಲಿ ಹೊಸ ಕಟ್ಟಡಗಳಿಗೆ ಹಣ ಎತ್ತಿಡುವ ಮೊದಲು, ಈಗಾಗಲೇ ಇರುವ ಪುಸ್ತಕ, ಪತ್ರಿಕೆ, ಪ್ರಬಂಧಗಳು ವಿದ್ಯಾರ್ಥಿಗೆ ಸಿಗುವಂತೆ ಮಾಡುವ ಕೆಲಸಕ್ಕೆ ಹಣ ಕೊಡಿ. ಇದು ಯಾವುದೋ ಒಂದು ಸಂಸ್ಥೆಯ ಮೇಲಿನ ದೂರಲ್ಲ. ಕರಾವಳಿಯ ಯಾವ ಕ್ಯಾಂಪಸ್ಸಿಗೂ ಹೊಂದುವ ಮಾತು.

ಮೊದಲು ಇ-ಪತ್ರಿಕೆಗಳ ವಿಷಯ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಶನ್’ ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಸಂಶೋಧನಾ ಪತ್ರಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದಿವೆ. 2025ರಿಂದ 2027ರವರೆಗಿನ ಮೂರು ವರ್ಷಕ್ಕೆ ಇಟ್ಟ ಮೊತ್ತ 6,000 ಕೋಟಿ ರೂಪಾಯಿ. ದುಡ್ಡು ಕೇಂದ್ರದ್ದು, ಪತ್ರಿಕೆಗಳು ಬಂದಾಗಿವೆ. ಆದರೆ ಪ್ರಕಾಶಕರ ಜಾಲತಾಣ ಓದುಗನನ್ನು ಗುರುತಿಸುವುದು ಕ್ಯಾಂಪಸ್ಸಿನ ಐಪಿ ವಿಳಾಸದಿಂದ, ಅಂದರೆ ಅಲ್ಲಿನ ಇಂಟರ್ನೆಟ್ ಸಂಪರ್ಕದ ಸಂಖ್ಯೆಯಿಂದ. ಮಂಗಳೂರು ವಿಶ್ವವಿದ್ಯಾನಿಲಯವಿರುವ ಕೊಣಾಜೆಯ ಲ್ಯಾಬಿನಲ್ಲಿ ತೆರೆದುಕೊಂಡ ಲೇಖನ, ಅದೇ ವಿದ್ಯಾರ್ಥಿ ರಜೆಯಲ್ಲಿ ಸುಳ್ಯಕ್ಕೋ ಬೈಂದೂರಿಗೋ ಹೋಗಿ ಮೊಬೈಲ್ ಡೇಟಾದಲ್ಲಿ ನೋಡಿದರೆ ದುಡ್ಡು ಕೇಳುತ್ತದೆ. ಹಾಸ್ಟೆಲಿನ ಇಂಟರ್ನೆಟ್ ಬೇರೆ ಸಂಪರ್ಕದಿಂದ ಬರುತ್ತಿದ್ದರೆ ಕ್ಯಾಂಪಸ್ಸಿನೊಳಗೇ ಇದೇ ಪಾಡು.

ಇದಕ್ಕೆ ಮದ್ದು ಇದೆ. ವಿಶ್ವವಿದ್ಯಾನಿಲಯಗಳ ಗ್ರಂಥಾಲಯಗಳನ್ನು ಜೋಡಿಸುವ, ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ‘ಇನ್‌ಫೆಡ್’ ವ್ಯವಸ್ಥೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಸ್ವಂತ ಲಾಗಿನ್ ಕೊಟ್ಟು ಎಲ್ಲಿಂದಲಾದರೂ ಓದಿಸಬಹುದು. ಕೆಲಸ ಕೆಡುವುದು ಮೂರು ಕಡೆ. ದಾಖಲಾತಿ ವಿಭಾಗದಿಂದ ಹೆಸರು, ಇಮೇಲ್ ಪಟ್ಟಿ ಗ್ರಂಥಾಲಯಕ್ಕೆ ಬರುವುದೇ ಇಲ್ಲ, ಬಂದರೂ ಇಮೇಲ್ ಕಾಲಮ್ಮಿನಲ್ಲಿ ಸೈಬರ್ ಅಂಗಡಿಯವರ ವಿಳಾಸವಿರುತ್ತದೆ. ಇಂಟರ್ನೆಟ್ ಕಂಪನಿ ಬದಲಿಸಿದಾಗ ಹೊಸ ಸ್ಥಿರ ಐಪಿಯನ್ನು ಯಾರೂ ತಿಳಿಸುವುದಿಲ್ಲ, ಒಂದು ಬೆಳಿಗ್ಗೆ ಎಲ್ಲ ಪತ್ರಿಕೆಗಳೂ ಒಟ್ಟಿಗೆ ಮುಚ್ಚಿಕೊಳ್ಳುತ್ತವೆ. ಕೋರ್ಸ್ ಮುಗಿಸಿ ಹೋದವರ ಲಾಗಿನ್ ತೆಗೆಯುವವರೂ ಇರುವುದಿಲ್ಲ. ಪ್ರವೇಶಾತಿ ಮುಗಿದ 15 ದಿನದೊಳಗೆ ಪರಿಶೀಲಿಸಿದ ಇಮೇಲ್ ಪಟ್ಟಿ ಗ್ರಂಥಾಲಯಕ್ಕೆ ತಲುಪಬೇಕು, ಐಪಿ ಬದಲಾದ ದಿನವೇ ಇನ್‌ಫ್ಲಿಬ್‌ನೆಟ್‌ಗೆ ತಿಳಿಸಬೇಕು ಎಂದು ತಮ್ಮ ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ಖರ್ಚು ಏನೇನೂ ಇಲ್ಲ. ಯೋಜನೆಯ ಅವಧಿ ಮಾತ್ರ ಓಡುತ್ತಿದೆ.

ಇದಕ್ಕಿಂತ ಹೆಚ್ಚು ನಮ್ಮನ್ನು ಕಾಡುವುದು ಕನ್ನಡ ಪ್ರಬಂಧಗಳ ಸ್ಥಿತಿ. ಯುಜಿಸಿಯ (ವಿಶ್ವವಿದ್ಯಾನಿಲಯ ಅನುದಾನ ಆಯೋಗ) 2009ರ ನಿಯಮದ ನಂತರ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಎಂಬ ಆನ್‌ಲೈನ್ ಪ್ರಬಂಧ ಭಂಡಾರಕ್ಕೆ ಸೇರುತ್ತಿವೆ. ಕನ್ನಡದ ಎಷ್ಟೋ ಪ್ರಬಂಧಗಳು ಕನ್ನಡ ಬೆರಳಚ್ಚಿನ ತಂತ್ರಾಂಶ ‘ನುಡಿ’ಯ ಹಳೆಯ ಆಸ್ಕಿ ಫಾಂಟಿನಲ್ಲಿ ಬೆರಳಚ್ಚಾದವು. ಆ ಫಾಂಟಿನಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಕಡತದೊಳಗೆ ಇರುವುದು ಲ್ಯಾಟಿನ್ ಅಕ್ಷರ ಮತ್ತು ಚಿಹ್ನೆಗಳ ಸಂತೆ. ‘ಭೂತಾರಾಧನೆ’ ಎಂದು ಹುಡುಕಿದರೆ ಪಿಡಿಎಫ್‌ನಲ್ಲಿ ಒಂದೂ ಸಿಗುವುದಿಲ್ಲ. ದೃಷ್ಟಿದೋಷವಿರುವ ವಿದ್ಯಾರ್ಥಿ ಪರದೆಯ ಮೇಲಿನದನ್ನು ಓದಿ ಹೇಳುವ ಉಚಿತ ತಂತ್ರಾಂಶ ಎನ್‌ವಿಡಿಎ ಹಾಕಿಕೊಂಡು ತೆರೆದರೆ ಅದು ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಒದರುತ್ತಾ ಹೋಗುತ್ತದೆ. ಅದೇ ಎನ್‌ವಿಡಿಎ, ಪ್ರತಿ ಕನ್ನಡ ಅಕ್ಷರಕ್ಕೂ ಸ್ವಂತ ಸಂಕೇತವಿರುವ ಯುನಿಕೋಡ್ ಕನ್ನಡವನ್ನು ಸರಿಯಾಗಿ ಓದಿ ಹೇಳುತ್ತದೆ. ತುಳುನಾಡಿನ ಆಚರಣೆ, ತುಳು ಜನಪದ ಹಾಡುಗಳಾದ ಪಾಡ್ದನ, ಯಕ್ಷಗಾನದ ಮೇಲೆ ವರ್ಷಗಟ್ಟಲೆ ದುಡಿದು ಬರೆದದ್ದು ಹೀಗೆ ಕಣ್ಣೆದುರೇ ಇದ್ದೂ ಇಲ್ಲದಂತಾಗಿದೆ.

ಫಾಂಟ್ ಬದಲಿಸುವ ಪರಿವರ್ತಕ ತಂತ್ರಾಂಶದಲ್ಲಿ ಒಮ್ಮೆ ಹಾಕಿ ತೆಗೆದರೆ ಆಯಿತು ಎಂದು ಯಾರಾದರೂ ತಮಗೆ ಹೇಳಿದರೆ ನಂಬಬೇಡಿ. ಆಸ್ಕಿಯಿಂದ ಯುನಿಕೋಡಿಗೆ ಬದಲಿಸುವಾಗ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಜಿಗಿಯುತ್ತದೆ, ನಡುವೆ ಬಂದ ಇಂಗ್ಲಿಷ್ ಪದಗಳೂ ಕನ್ನಡದ ಕಸವಾಗುತ್ತವೆ. ಸ್ಕ್ಯಾನ್ ಮಾಡಿದ ಪ್ರತಿಯಾದರೆ ಅದರ ಸ್ಪಷ್ಟತೆ 300 ಡಿಪಿಐಗಿಂತ (ಇಂಚಿಗೆ 300 ಚುಕ್ಕೆ) ಕಡಿಮೆ ಇರಬಾರದು. ಚಿತ್ರದಲ್ಲಿನ ಅಕ್ಷರವನ್ನು ಪಠ್ಯವಾಗಿಸುವ, ಟೆಸರಾಕ್ಟ್‌ನಂಥ ಉಚಿತ ಓಸಿಆರ್ ತಂತ್ರಾಂಶ ಕನ್ನಡ ಗುರುತಿಸುತ್ತದೆ, ಒತ್ತಕ್ಷರದಲ್ಲಿ ಎಡವುತ್ತದೆ. ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ ಕೂತರೆ ಕಣ್ಣಿಗೆ ವ್ಯತ್ಯಾಸ ಕಾಣದು, ಹುಡುಕಾಟ ಮಾತ್ರ ಸೋಲುತ್ತದೆ. ಹಾಗಾಗಿ ಕನ್ನಡ ಬಲ್ಲ ಒಬ್ಬರು ಕೂತು ಸಾಲುಸಾಲು ತಿದ್ದಬೇಕು. ಕನ್ನಡ ಎಂಎ ಮುಗಿಸಿದವರಿಗೆ ಪುಟಕ್ಕೆ ಇಷ್ಟು ಎಂದು ಗೌರವಧನ ಕೊಟ್ಟು ಈ ಕೆಲಸ ಮಾಡಿಸಬಹುದು. ಹೊಸ ಪ್ರಬಂಧಗಳನ್ನಂತೂ ಯುನಿಕೋಡಿನಲ್ಲಿ ಇಲ್ಲದಿದ್ದರೆ ಸ್ವೀಕರಿಸಲೇಬಾರದು. ಕಾನೂನಿನ ಅಡ್ಡಿಯೂ ಇಲ್ಲ: 2012ರ ತಿದ್ದುಪಡಿಯಿಂದ ಕೃತಿಸ್ವಾಮ್ಯ ಕಾಯ್ದೆಯ 52(1)(ಝಡ್‌ಬಿ) ಕಲಮು ಅಂಗವಿಕಲರಿಗಾಗಿ ಕೃತಿಯನ್ನು ಓದಬಲ್ಲ ರೂಪಕ್ಕೆ ತರಲು ಅನುಮತಿ ಕೊಟ್ಟಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5ಕ್ಕೆ ಕಡಿಮೆಯಿಲ್ಲದಂತೆ ಸೀಟು ಕೊಡಿಸಿದೆ. ಸೀಟು ಕೊಟ್ಟು ಓದಲಾಗದ ಪುಸ್ತಕ ಕೈಗಿಡುವುದು ನ್ಯಾಯವಲ್ಲ.

ಇನ್ನು ಮಳೆಗಾಲ. ಬೆಂಗಳೂರಿನಲ್ಲಿ ಕೂತು ಮಾಡುವ ಗ್ರಂಥಾಲಯ ಬಜೆಟ್‌ನಲ್ಲಿ ಕರಾವಳಿಯ ಹಸಿ ಲೆಕ್ಕಕ್ಕೇ ಬರುವುದಿಲ್ಲ. ಗಾಳಿಯ ತೇವಾಂಶ ಶೇ. 65 ದಾಟಿ ಕೆಲವು ದಿನ ನಿಂತರೆ ಪುಸ್ತಕದ ಬೆನ್ನಿನ ಅಂಟಿನ ಮೇಲೆ ಬೂಷ್ಟು ಹಿಡಿಯತೊಡಗುತ್ತದೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೇ. 80 ಮೀರುವುದು ದಿನದ ಮಾತು. ಹಗಲು ಎಸಿ ಹಾಕಿ ರಾತ್ರಿ ಆರಿಸುವ ಕಡೆ ಕೇಡು ಹೆಚ್ಚು: ತಣ್ಣಗಾದ ಪುಸ್ತಕಗಳ ಮೇಲೆ ಹೊರಗಿನ ಹಸಿಗಾಳಿ ನೀರಾಗಿ ಕೂರುತ್ತದೆ. ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಯಂತ್ರ ಕೊಂಡ ಕಡೆಯೂ ಅದರ ತೊಟ್ಟಿ ಶನಿವಾರ ಸಂಜೆ ತುಂಬಿ ಯಂತ್ರ ತಾನಾಗಿ ನಿಂತು, ಸೋಮವಾರದವರೆಗೆ ಹಾಗೇ ಇರುತ್ತದೆ. ತೊಟ್ಟಿಗೆ ಬದಲು ಹೊರಗೆ ಹೋಗುವ ಒಂದು ಪೈಪು ಜೋಡಿಸಿದರೆ ಸಮಸ್ಯೆ ಮುಗಿಯಿತು. ಕಪಾಟು ಹೊರಗೋಡೆಯಿಂದ ಒಂದು ಗೇಣಾದರೂ ದೂರ, ಕೆಳಗಿನ ಹಲಗೆ ನೆಲದಿಂದ 15 ಸೆಂಟಿಮೀಟರ್ ಎತ್ತರ, ಪ್ರತಿ ಅಂತಸ್ತಿಗೂ ಒಂದು ತೇವಾಂಶ ಮಾಪಕ. ಬೂಷ್ಟು ಬಂದ ಪುಸ್ತಕವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಾರದು, ಹಾಗೆ ಮಾಡಿದರೆ ಅದು ಕಾಗದದೊಳಕ್ಕೆ ಇಳಿಯುತ್ತದೆ. ಬೇರೆ ಕೋಣೆಯಲ್ಲಿ ಒಣಗಿಸಿ, ಮಾಸ್ಕ್ ಹಾಕಿಕೊಂಡು ಮೆತ್ತನೆಯ ಬ್ರಷ್‌ನಿಂದ ತೆಗೆಯಬೇಕು.

ಈ ಎಲ್ಲ ಕೆಲಸಕ್ಕೂ ಜನ ಬೇಕು. ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಎಸ್.ಆರ್. ರಂಗನಾಥನ್ 1917ರಲ್ಲಿ ಅಧ್ಯಾಪನ ಶುರುಮಾಡಿದ್ದು ಇದೇ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ, ಗಣಿತದ ಮೇಷ್ಟ್ರಾಗಿ. ಆ ಊರಿನಲ್ಲಿ ಗ್ರಂಥಪಾಲಕನೆಂದರೆ ಬೀಗ ತೆಗೆದು ಹಾಕುವವನು ಎಂಬಂತಾಗಬಾರದು. ಖಾಲಿ ಹುದ್ದೆ ತುಂಬುವವರೆಗೆ ಕನಿಷ್ಠ ಒಬ್ಬರನ್ನು ಲಾಗಿನ್ ಮತ್ತು ಯುನಿಕೋಡ್ ಕೆಲಸಕ್ಕೇ ಮೀಸಲಿಡಿ.

ಹಣ ಬಿಡುಗಡೆಯ ಸಮಯದ ಬಗ್ಗೆಯೂ ಒಂದು ವಿನಂತಿ. ಮಾರ್ಚ್‌ನಲ್ಲಿ ಮಂಜೂರಾತಿ ಸಿಕ್ಕರೆ ಟೆಂಡರ್ ಮುಗಿದು ಮೇ ಕೊನೆಗೆ, ಮಳೆಗೆ ಮೊದಲೇ, ತೇವ ಹೀರುವ ಯಂತ್ರ ಕೂರಿಸಲು ಆಗುತ್ತದೆ. ಆಗಸ್ಟ್‌ನಲ್ಲಿ ಬಂದ ಯಂತ್ರದಿಂದ ಆ ವರ್ಷದ ಪುಸ್ತಕಗಳು ಉಳಿಯುವುದಿಲ್ಲ.

ಇಂತಿ,
ಮಂಗಳೂರು, ಉಡುಪಿ ಭಾಗದ ಗ್ರಂಥಾಲಯ ಸಿಬ್ಬಂದಿ ಮತ್ತು ಅಧ್ಯಾಪಕರು