ಬೆಲ್ಲಣ್ಣ ಮನೆಗೆ ಬಂದ್ರು, 2004ರ ಬ್ಯಾಚಿಗೆ ಥ್ಯಾಂಕ್ಸ್

ಅಪ್ಪ ಡಿಸ್ಚಾರ್ಜ್ ಆಗಿ ಮನೆಗೆ ಬಂದ್ರು. ಏನಾಗಿತ್ತು, ಯಾವ ಆಪರೇಷನ್ನು ಅನ್ನೋದೆಲ್ಲ ಗ್ರೂಪಲ್ಲಿ ಇರೋರಿಗೆ ಗೊತ್ತೇ ಇದೆ, ಮತ್ತೆ ಬರೆಯೋಕೆ ಹೋಗಲ್ಲ. ಈಗ ನಡುಮನೇಲಿ ಮಂಚದ ಮೇಲೆ ಕೂತು ಗಂಜಿಗೆ ಉಪ್ಪಿಲ್ಲ ಅಂತ ಅಮ್ಮನ ಹತ್ರ ಜಗಳ ತೆಗೀತಿದಾರೆ, ಅಷ್ಟರಮಟ್ಟಿಗೆ ಹುಷಾರಾಗಿದಾರೆ.

ಗೊತ್ತಿಲ್ಲದವರಿಗೆ ಹೇಳ್ಬೇಕಂದ್ರೆ ಬೆಲ್ಲಣ್ಣ ಅಂದ್ರೆ ನಮ್ಮಪ್ಪ. ಅರಸೀಕೆರೆ ತಾಲ್ಲೂಕಲ್ಲಿ ನಾವು ಓದಿದ ಸರ್ಕಾರಿ ಹೈಸ್ಕೂಲಲ್ಲೇ ಅಟೆಂಡರ್ ಆಗಿದ್ರು, ಆಫೀಸ್ ರೂಮ್ ಮುಂದಿನ ಬೇವಿನ ಮರಕ್ಕೆ ನೇತು ಹಾಕಿದ್ದ ರೈಲು ಹಳಿ ತುಂಡಿಗೆ ರಾಡಲ್ಲಿ ಹೊಡೆದು ಬೆಲ್ ಮಾಡೋರು, ಅದಕ್ಕೇ ಹುಡುಗ್ರು ಇಟ್ಟ ಹೆಸರದು. ಅವರನ್ನ ಆಸ್ಪತ್ರೆಗೆ ಸೇರಿಸಿದ ದಿನ ನಾನು ಗ್ರೂಪಲ್ಲಿ ಒಂದೇ ಒಂದು ಸಾಲು ಹಾಕಿದ್ದು, "ಬೆಲ್ಲಣ್ಣ ಐಸಿಯುನಲ್ಲಿದಾರೆ" ಅಂತ.

ಹಾಸನಕ್ಕೆ ಬಂದು ರಕ್ತ ಕೊಟ್ಟವರು, ಬೆಂಗಳೂರಿಂದ ರಾತ್ರಿ ಬಸ್ ಹತ್ತಿ ಬಂದು ಬೆಳಿಗ್ಗೆ ಅಪ್ಪನ್ನ ಗಾಜಿನಾಚೆಯಿಂದ ನೋಡ್ಕೊಂಡು ಹಂಗೇ ಡ್ಯೂಟಿಗೆ ಓಡಿದವರು, ದುಬೈಯಿಂದ ದುಡ್ಡು ಹಾಕಿ "ವಾಪಸ್ ಕಳಿಸಿದ್ರೆ ಬ್ಲಾಕ್ ಮಾಡ್ತೀನಿ" ಅಂದವನು, ಅಮ್ಮನಿಗೆ ಬಿಸಿ ಮುದ್ದೆ ಸೊಪ್ಪಿನ ಸಾರು ತಪ್ಪದೆ ಕಳಿಸಿದ ನಮ್ಮ ಕ್ಲಾಸಿನ ಹುಡುಗೀರು (ಅವರ ಮಕ್ಕಳೇ ಈಗ ಹೈಸ್ಕೂಲಲ್ಲಿದಾರೆ, ಆದ್ರೂ ನಮಗೆ ಅವರು ಹುಡುಗೀರೇ), ನಿಮಗೆಲ್ಲ ಕೈ ಮುಗೀತೀನಿ.

ಅದರ ಜೊತೆಗೆ ನೀವೆಲ್ಲ ಸೇರಿ ಇನ್ನೊಂದು ಕೆಲಸ ಮಾಡಿದ್ರಿ, ಅದು ಎಷ್ಟು ದೊಡ್ಡದು ಅಂತ ನಿಮಗೆ ಗೊತ್ತಿದೆಯೋ ಇಲ್ವೋ. "ಗೆಟ್ ವೆಲ್ ಸೂನ್" ಸ್ಟಿಕ್ಕರ್ ಹಾಕಿ ಸುಮ್ನಾಗೋ ಬದ್ಲು ಯಾರೋ ಒಬ್ಬರು ಸ್ಕೂಲಿನ ಕಥೆ ಶುರು ಮಾಡಿದ್ರಿ, ಆಮೇಲೆ ನಿಲ್ಲಿಸ್ಲೇ ಇಲ್ಲ. ಸೈನ್ಸ್ ಮಿಸ್ಸು ಕೊಟ್ಟ ನೀಲಿ ಲಿಟ್ಮಸ್ ಪೇಪರ್ ಕದ್ದು ಊಟದ ಬೆಲ್ ಆದ್ಮೇಲೆ ಎಲ್ಲರ ಟಿಫನ್ ಬಾಕ್ಸಿಗೂ ಅದ್ದಿ ನೋಡಿದ್ದು, ಹುಣಸೆ ಗೊಜ್ಜಲ್ಲಿ ಅದು ಕೆಂಪಾದ ತಕ್ಷಣ "ನಿಮ್ಮನೇಲಿ ಆಸಿಡ್ ತಿನ್ನಿಸ್ತಿದಾರೆ" ಅಂತ ಕೂಗಿ ಒಂದು ಹುಡುಗಿ ಅತ್ತಿದ್ದು, ಮಿಸ್ಸು ಬಂದು ಹೊಡೀದೆ ಅದೇ ಗೊಜ್ಜು, ಮಜ್ಜಿಗೆ, ನಿಂಬೆಹಣ್ಣಿನ ಉಪ್ಪಿನಕಾಯಿ ಇಟ್ಕೊಂಡು ಆಮ್ಲದ ಪಾಠ ಮುಗಿಸಿದ್ದು. ಆ ಪಾಠ ನಮ್ಮಲ್ಲಿ ಯಾರಿಗೂ ಇವತ್ತಿಗೂ ಮರೆತಿಲ್ಲ. ಸಮಾಜದ ಮೇಷ್ಟ್ರು ಪಾಣಿಪತ್ ಕದನಗಳ ಇಸವಿ ಕೇಳಿದಾಗ ಲಾಸ್ಟ್ ಬೆಂಚಿಂದ ಒಬ್ಬ ಎದ್ದು 1526, 1556, 1761 ಅಂತ ಸರಿಯಾಗೇ ಹೇಳಿ, "ಸಾರ್, ಮೂರು ಸಲಾನೂ ಅಲ್ಲೇ ಹೋಗಿ ಹೊಡೆದಾಡಿದಾರಲ್ಲ, ಬೇರೆ ಊರೇ ಇರ್ಲಿಲ್ವಾ" ಅಂದಿದ್ದ. ಮೇಷ್ಟ್ರು ನಕ್ಕು ನಕ್ಕು ಕಣ್ಣೊರೆಸ್ಕೊಂಡು ಬೋರ್ಡ್ ಮೇಲೆ ಗೆರೆ ಎಳೆದು, "ವಾಯವ್ಯದ ಕಡೆಯಿಂದ ದಿಲ್ಲಿಗೆ ಬರೋ ದಾರೀಲಿ ಇರೋ ಬಯಲು ಕಣೋ ಅದು, ನೀನು ಅರಸೀಕೆರೆಗೆ ಬರ್ಬೇಕಾದ್ರೆ ರೈಲ್ವೆ ಗೇಟಲ್ಲಿ ನಿಲ್ಲಲ್ವಾ, ಹಂಗೆ" ಅಂದ್ರು. ಪ್ರಶ್ನೆ ಕೇಳಿದವನೇ ಇದನ್ನ ವಾಯ್ಸ್ ಮೆಸೇಜಲ್ಲಿ ಹೇಳಿ ಕಳಿಸಿದ್ದ. ಆಸ್ಪತ್ರೆ ಫಾರ್ಮಸಿ ಕ್ಯೂನಲ್ಲಿ ನಿಂತು ಕೇಳಿಸ್ಕೊಂಡು ನಕ್ಕೆ, ಮುಂದಿದ್ದ ಅಜ್ಜಿ ತಿರುಗಿ ನೋಡಿದ್ರು.

ಗಣಿತದ ಮೇಷ್ಟ್ರಿಗೆ ನಾವಿಟ್ಟ ಹೆಸರು 'ಆದ್ದರಿಂದ'. ಪ್ರಮೇಯ ಸಾಧಿಸೋವಾಗ ಸರಿ, ಆದ್ರೆ ಅವರು ಬೈಯೋದೂ ಹಂಗೇ ಬೈಯೋರು, "ನೀನು ಹೋಮ್ ವರ್ಕ್ ಮಾಡಿಲ್ಲ, ಮಾಡಿದೀನಿ ಅಂತ ಸುಳ್ಳು ಹೇಳ್ತಿದೀಯ, ಆದ್ದರಿಂದ ಹೊರಗೆ ನಡಿ." ರಿಟೈರ್ ಆಗಿ ಎಷ್ಟೋ ವರ್ಷ ಆಗಿದೆ ಅವರಿಗೆ, ಯಾರು ನಂಬರ್ ಕೊಟ್ರೋ, ಒಂದು ದಿನ ಫೋನ್ ಮಾಡಿದ್ರು. "ನಿಮ್ಮಪ್ಪ ನನಗಿಂತ ಗಟ್ಟಿ ಮನುಷ್ಯ, ಡಾಕ್ಟರು ಒಳ್ಳೇವ್ರು ಅಂತ ಕೇಳಿದೀನಿ, ಆದ್ದರಿಂದ ಧೈರ್ಯವಾಗಿರು" ಅಂದ್ರು. ನಗು ಅಳು ಎರಡೂ ಒಟ್ಟಿಗೆ ಬಂತು. ಸಾರ್, ನೀವು ಇದನ್ನ ಓದ್ತೀರೋ ಇಲ್ವೋ, ಆ ಒಂದು ಫೋನಿಗೆ ನಾನು ಯಾವತ್ತೂ ಋಣಿ.

ಈಗ ಯಮಾತಾ ವಿಷಯ. ಅವನ ಬಗ್ಗೆ ಬರೀಬೇಕು ಅಂತಾನೇ ಇಷ್ಟು ಹೊತ್ತು ಬರೆದಿದ್ದು.

ಛಂದಸ್ಸಿನ ಪಾಠದಲ್ಲಿ ಗಣ ನೆನಪಿಟ್ಕೊಳ್ಳೋಕೆ ಕನ್ನಡ ಮೇಷ್ಟ್ರು 'ಯಮಾತಾರಾಜಭಾನಸಲಗಂ' ಬಾಯಿಪಾಠ ಮಾಡಿಸಿದ್ರಲ್ಲ, ಇವನು ಪ್ರತಿ ಸಲ ಎದ್ದು ನಿಂತು "ಯಮಾತಾ" ಅಂತ ಗಟ್ಟಿಯಾಗಿ ಕೂಗಿ ಅಲ್ಲಿಗೆ ನಿಲ್ಲಿಸ್ತಿದ್ದ, ವರ್ಷ ಪೂರ್ತಿ ಮುಂದಕ್ಕೆ ಹೋಗ್ಲೇ ಇಲ್ಲ, ಹೆಸರು ಗಟ್ಟಿಯಾಯ್ತು. ಆದ್ರೆ ತಾಳ ಬರೋದು. ಭಾಮಿನಿ ಷಟ್ಪದಿ ಓದೋವಾಗ ಮೇಷ್ಟ್ರು ಮೇಜು ಕುಟ್ತಾ ಮೂರು ನಾಕು ಮೂರು ನಾಕು ಅಂತ ಮಾತ್ರೆ ಎಣಿಸಿದ್ರೆ ಇವನು ಹಿಂದಿನ ಬೆಂಚಲ್ಲಿ ತೊಡೆ ಮೇಲೆ ಅದನ್ನೇ ತಬಲ ಮಾಡ್ತಿದ್ದ, ಒಂದು ಮಾತ್ರೆ ತಪ್ತಿರ್ಲಿಲ್ಲ. ಎಸ್ಸೆಸ್ಸೆಲ್ಸಿಲಿ ಅವನಿಗೆ ಬಂದಿದ್ದು 625ಕ್ಕೆ 219, ಅಂದ್ರೆ ಲೆಕ್ಕ ಹಾಕಿದಂಗೆ 35 ಪರ್ಸೆಂಟು. ಮಾರ್ಕ್ಸ್ ಕಾರ್ಡ್ ನೋಡಿ 'ಆದ್ದರಿಂದ' ಮೇಷ್ಟ್ರು, "ಎಷ್ಟು ಬೇಕೋ ಅಷ್ಟೇ ತಗೊಂಡಿದಾನೆ, ಒಂದು ಮಾರ್ಕು ವೇಸ್ಟ್ ಮಾಡಿಲ್ಲ, ಇವನು ಲೆಕ್ಕದಲ್ಲಿ ದಡ್ಡ ಅಂತ ಯಾರಂದಿದ್ದು" ಅಂತ ಸ್ಟಾಫ್ ರೂಮಲ್ಲಿ ಎಲ್ಲರನ್ನೂ ನಗಿಸಿದ್ರು. ಈಗ ಕೊಬ್ಬರಿ ವ್ಯಾಪಾರ ಮಾಡ್ತಾನೆ. ಮಂಡೀಲಿ ಅವನ ಲೆಕ್ಕ ಇವತ್ತಿಗೂ ಹಂಗೇ ಇದೆ.

ಅಪ್ಪನಿಗೆ ತುಂಬಾ ಸೀರಿಯಸ್ ಆದ ರಾತ್ರಿ ಲೋಡ್ ಮಾಡಿಸ್ತಿದ್ದ ಲಾರಿನ ಅಣ್ಣನಿಗೆ ಒಪ್ಪಿಸಿ ಬೈಕಲ್ಲಿ ಹಾಸನಕ್ಕೆ ಬಂದ. ಬಂದವನು ಏನಾಯ್ತು ಎತ್ತ ಅಂತ ಕೇಳ್ಲಿಲ್ಲ, "ಊಟ ಆಯ್ತಾ ಮಗಾ" ಅಂದ, ಇಲ್ಲ ಅಂದಿದ್ದಕ್ಕೆ ಹೋಗಿ ಇಡ್ಲಿ ಕಟ್ಟಿಸ್ಕೊಂಡು ಬಂದು ಪಕ್ಕದಲ್ಲಿ ಕೂತು ತಿನ್ನಿಸ್ದ. ಐಸಿಯು ಮುಂದಿನ ಸ್ಟೀಲ್ ಚೇರಲ್ಲಿ ಕೂತು ಒಬ್ಬೊಬ್ಬ ಮೇಷ್ಟ್ರ ಥರಾನೂ ಮಾತಾಡಿ ತೋರಿಸಿದ, ಪಿಟಿ ಮೇಷ್ಟ್ರು ಬಾಯಲ್ಲಿ ವಿಷಲ್ ಇಟ್ಕೊಂಡೇ ಬೈತಿದ್ದಿದ್ದು, ಹಿಂದಿ ಮಿಸ್ಸು ಮೇಜು ಸ್ತ್ರೀಲಿಂಗ ಅಂದಾಗ ಇವನು ಮೇಜಿಗೆ ನಮಸ್ಕಾರ ಮಾಡಿದ್ದು. ಪಕ್ಕದ ಪೇಷೆಂಟ್ ಕಡೆಯವರೂ ನಕ್ರು, ಸೆಕ್ಯೂರಿಟಿಯವರು ಬಂದು ಮೆತ್ತಗೆ ಮೆತ್ತಗೆ ಅಂತ ಹೇಳಿ ಹೋದ್ರು.

ಎರಡೂವರೆ ಸುಮಾರಿಗೆ ನರ್ಸ್ ಬಂದು ಒಂದು ಫಾರ್ಮಿಗೆ ಸೈನ್ ಹಾಕಿ ಅಂದ್ರು. ಅದರಲ್ಲಿ ಬರೆದಿದ್ದು ಓದಿದೆ. ಓದಿದ್ಮೇಲೆ ಕೈ ಆಡ್ಲಿಲ್ಲ. ಅಪ್ಪ ಹೋಗ್ಬಿಟ್ರೆ ಅನ್ನೋ ಮಾತು ಮೊದಲನೇ ಸಲ ಬಾಯಲ್ಲಿ ಬಂತು, ಆಮೇಲೆ ತಡ್ಕೊಳ್ಳೋಕೆ ಆಗ್ಲಿಲ್ಲ, ನೆಲದ ಮೇಲೆ ಕೂತು ಚಿಕ್ಕ ಮಕ್ಕಳ ಥರ ಅತ್ತೆ. ಅವನು ಸಮಾಧಾನ ಮಾಡೋಕೆ ಬರ್ಲಿಲ್ಲ, ಅವನೂ ನೆಲದ ಮೇಲೇ ಕೂತ. ತುಂಬಾ ಹೊತ್ತಾದ್ಮೇಲೆ ಹೇಳ್ದ, "ಬೆಲ್ಲಣ್ಣ ನಂಗೋಸ್ಕರ ಎರಡು ನಿಮಿಷ ಲೇಟಾಗಿ ಬೆಲ್ ಹೊಡೀತಿದ್ರು, ನಿಂಗೊತ್ತಾ?"

ನಂಗೊತ್ತಿರ್ಲಿಲ್ಲ. ಅವನ ಊರಿಂದ ಬೆಳಿಗ್ಗೆ ಇದ್ದಿದ್ದೇ ಒಂದು ಬಸ್ಸು, ಅದು ಸ್ಕೂಲ್ ಹತ್ರ ಬರೋ ಹೊತ್ತಿಗೆ ಹತ್ತು ದಾಟಿರೋದು. ಲೇಟಾದವರು ಪ್ರೇಯರ್ ಮುಗಿಯೋವರೆಗೂ ಗೇಟ್ ಹೊರಗೆ, ಆಮೇಲೆ ಏಟು. ಅಪ್ಪ ರಾಡ್ ಕೈಲಿ ಹಿಡ್ಕೊಂಡು ರಸ್ತೆ ಕಡೆ ನೋಡ್ತಾ ನಿಂತಿರೋರಂತೆ, ಬಸ್ಸಿನ ಧೂಳು ಕಂಡು ಇವನು ಇಳಿದು ಗೇಟ್ ಒಳಗೆ ಕಾಲಿಟ್ಟ ಮೇಲೇನೇ ಹೊಡೆಯೋರಂತೆ. ಹೆಡ್ ಮೇಷ್ಟ್ರು ತಮ್ಮ ವಾಚ್ ನೋಡ್ಕೊಂಡು "ನಿನ್ನ ಗಡಿಯಾರ ಯಾಕೋ ಹಿಂದೆ ಓಡುತ್ತಲ್ಲಯ್ಯ" ಅಂದ್ರೆ ಅಪ್ಪ "ಬ್ಯಾಟರಿ ವೀಕು ಸಾರ್" ಅನ್ನೋರಂತೆ. ಮೂರು ವರ್ಷ ಅದೇ ಬ್ಯಾಟರಿ ವೀಕು! ಹೆಡ್ ಮೇಷ್ಟ್ರಿಗೂ ಗೊತ್ತಿತ್ತು ಅಂತ ಕಾಣುತ್ತೆ, ಹೊಸ ಬ್ಯಾಟರಿ ಹಾಕಿಸು ಅಂತ ಒಂದು ದಿನಾನೂ ಹೇಳ್ಲಿಲ್ಲವಂತೆ. ಮನೇಲಿ ಅಪ್ಪ ಈ ವಿಷಯ ಯಾವತ್ತೂ ಬಾಯಿ ಬಿಟ್ಟಿಲ್ಲ.

ನಾನು ಎದ್ದು ಸೈನ್ ಹಾಕಿದೆ. ಬೆಳಗಾಗೋವರೆಗೂ ಅವನು ಮಾತಾಡ್ಲಿಲ್ಲ, ಚೇರ್ ಕೈ ಮೇಲೆ ಬೆರಳಲ್ಲಿ ಮೂರು ನಾಕು ಮೂರು ನಾಕು ತಟ್ತಾ ಕೂತಿದ್ದ. ಆರು ಗಂಟೆಗೆ ಡಾಕ್ಟರ್ ಬಂದು ಬಿಪಿ ಒಂದು ಹದಕ್ಕೆ ಬಂದಿದೆ, ಪರವಾಗಿಲ್ಲ ಅಂದ್ರು. ಅವನು ಟೀ ತಂದುಕೊಟ್ಟು, ಲಾರಿ ಹೊರಡ್ಬೇಕು ಅಂತ ಹೊರಟೇ ಬಿಟ್ಟ. ಯಮಾತಾ, ನಿನಗೆ ಥ್ಯಾಂಕ್ಸ್ ಹೇಳಿದ್ರೆ ಬೈತೀಯ ಅಂತ ಗೊತ್ತು, ಎಲ್ಲರ ಮುಂದೆ ಹೇಳ್ತಿದೀನಿ, ಇಲ್ಲಿ ಬೈಯೋಕಾಗಲ್ಲ. ಆ ರಾತ್ರಿ ನೀನಿಲ್ದೆ ಇದ್ದಿದ್ರೆ ನಂಗೆ ಆಗ್ತಿರ್ಲಿಲ್ಲ ಕಣೋ.

ಅಪ್ಪನ್ನ ನೋಡೋಕೆ ಬರೋರು ಸಂಜೆ ಐದರ ಮೇಲೆ ಬನ್ನಿ, ಮಧ್ಯಾಹ್ನ ಮಲಗ್ತಾರೆ. ಸ್ವೀಟು ತರಬೇಡಿ, ಉಪ್ಪಿನಕಾಯಿ ಕದ್ದು ಕೊಡೋಕೆ ಅಂತೂ ಬರಲೇಬೇಡಿ. ಹೊಲಿಗೆ ಇನ್ನೂ ಹಸಿ ಇದೆ, ಜೋರಾಗಿ ನಗಬಾರದು ಅಂದಿದಾರೆ, ಹಾಗಾಗಿ ಯಮಾತಾನ ಮಿಮಿಕ್ರಿ ಹೊಲಿಗೆ ಬಿಚ್ಚಿದ ಮೇಲೇನೇ.