ಮೊದಲ ಲೆಕ್ಕ, ಆಮ್ಯಾಲ ಸಿಟ್ಟು

ಗದಗ

ಚಿ. ಮಂಜುನಾಥಗ ಮಾವನ ಆಶೀರ್ವಾದಗಳು. ಇಲ್ಲಿ ಎಲ್ಲಾರೂ ಕ್ಷೇಮ.

ನಿಮ್ಮ ನಾಯಕ, ಆ ಶಾಸಕ, ಮಾತು ತಪ್ಪಿದ ಅಂತ ಸಿಟ್ಟಾಗಿ ಅಂವನ ಫ್ಲೆಕ್ಸ್ ಎಲ್ಲಾ ಹಿತ್ತಲದಾಗ ಒಟ್ಟಿ ಬೆಂಕಿ ಹಚ್ಚಾಕ ಹೊಂಟಿದ್ದಿ ಅಂತ ನಿಮ್ಮವ್ವ ಫೋನ್ ಮಾಡಿದ್ಲು. ಸುಡಬ್ಯಾಡ. ಅದರ ಹೊಗಿ ಓಣಿ ಮಂದಿ ಎದಿಗೆ ಕುಂಡರತೈತಿ. ಮಾರಿ ಕೆಳಗ ಮಾಡಿ ಹಾಸಿದ್ರ ಮೆಣಸಿನಕಾಯಿ ಒಣಗಸಾಕ ಚೊಲೋ ಬರತೈತಿ.

ಎರಡು ಚುನಾವಣಿ ಬೂತ್ ಹಿಡದು ಕುಂತಾವಗ ಸಿಟ್ಟು ಬರದ ಇನ್ನ್ಯಾರಿಗೆ ಬರಬೇಕು? ಆದ್ರ ಆ ಕಡಿ ಪಕ್ಷದವರು ಆಗಲೇ ನಿನ್ನ ಚಹಾಕ್ಕ ಕರದಾರಂತ. ಲೆಕ್ಕ ಇಲ್ಲದ ಸಿಟ್ಟಿನ ಹುಡುಗರನ್ನ ಹುಡಕೂದ ಅವರ ಕಸಬು. ಅದಕ್ಕ ಚಹಾ ಕುಡಿಯೂದಕ್ಕಿಂತ ಮೊದಲ ನೂರು ಪುಟದ ಒಂದು ನೋಟ್‌ಬುಕ್ ತಗೊಂಡು ಕುಂಡರು. ನಿನ್ನ ಫೋನಿನಾಗ ನಿಮ್ಮ ನಾಯಕನ ಭಾಷಣದ ವಿಡಿಯೋ ಅದಾವ, ಮನ್ಯಾಗ ಕರಪತ್ರ ಅದಾವ. ಏನಂದ, ಎಲ್ಲಿ ಅಂದ, ಯಾವತ್ತ ಅಂದ, ಅಂದಷ್ಟೂ ಬರಿ. ಬಾಜೂಕ ಇನ್ನೊಂದು ಕಾಲಂ ಹಾಕು: ಇದು ಯಾರ ಕೈಯಾಗ ಇತ್ತು? ಈ ಕಾಲಮ್ಮಿನ ಸಲುವಾಗೇ ಈ ಪತ್ರ.

ಕಳಸಾ-ಬಂಡೂರಿ ನೀರು, ಅಂದ್ರ ಮಹದಾಯಿ ಕೊಳ್ಳದ ಹಳ್ಳಗಳ ನೀರು, ತರ್ತೀನಿ ಅಂದು ತರಲಿಲ್ಲ ಅನ್ನೂದು ನಿನ್ನ ದೊಡ್ಡ ತಕರಾರು. ನಾವು ಮಲಪ್ರಭಾ ಹೊಳಿಗೆ ಬೇಡಿದ್ದು 7.56 ಟಿಎಂಸಿ (ನೂರು ಕೋಟಿ ಘನ ಅಡಿ ಅಂದ್ರ ಒಂದು ಟಿಎಂಸಿ). ಮಹದಾಯಿ ನೀರಿನ ಜಗಳಕ್ಕ ನ್ಯಾಯಮಂಡಳಿ ಆದದ್ದು 2010ರಾಗ, ತೀರ್ಪು ಬಂದದ್ದು 2018ರ ಆಗಸ್ಟ್ 14ಕ್ಕ. ಕರ್ನಾಟಕಕ್ಕ 13.42 ಸಿಕ್ಕತು ಅಂತ ಪಟಾಕಿ ಹಾರಿಸಿದ್ರು, ಆದ್ರ ಅದರಾಗ 8.02 ವಿದ್ಯುತ್ತಿಗೆ. ಉಳದದ್ದರಾಗ ಮಲಪ್ರಭಾಕ್ಕ ತಿರುಗಸಾಕ ಸಿಕ್ಕದ್ದು 3.9: ಕಳಸಾದಿಂದ 1.72, ಬಂಡೂರಿಯಿಂದ 2.18. ಅದು ಗೆಜೆಟ್ಟಿನಾಗ ಬರಾಕ 2020ರ ಫೆಬ್ರವರಿ ಆತು, ಕೇಂದ್ರ ಜಲ ಆಯೋಗ ಯೋಜನಾ ವರದಿ ಒಪ್ಪಾಕ 2022ರ ಡಿಸೆಂಬರ್. ಅದರ ಮ್ಯಾಲ ಅರಣ್ಯದ ಅನುಮತಿ, ವನ್ಯಜೀವಿ ಅನುಮತಿ, ಗೋವಾದವರ ಕೋರ್ಟು. ಈ ಕೀಲಿ ತಗಿಯೂದು ಒಬ್ಬ ಶಾಸಕನ ಕೈಯಾಗಿನ ಮಾತಲ್ಲ. ಹಂಗಾಗಿ ‘ನೀರು ತರಲಿಲ್ಲ’ ಅಂತ ಬರೀಬ್ಯಾಡ. ‘ತನ್ನ ಕೈಯಾಗ ಇಲ್ಲದ್ದಕ್ಕ ವರ್ಷದ ಗಡುವು ಕೊಟ್ಟ’ ಅಂತ ಬರಿ. ಇದು ಬ್ಯಾರೆ ತಪ್ಪು. ಮತ್ತ ಆ ತಪ್ಪಿನಾಗ ನಿನಗೂ ಪಾಲು ಐತಿ, ಆ ಗಡುವನ್ನ ಮನಿಮನಿಗೆ ಹೇಳಿ ಬಂದಾವ ನೀನ.

ಅಂವನ ಕೈಯಾಗ ಇದ್ದದ್ದು ಬಾಯಿ. ನರಗುಂದದಾಗ ರೈತರು ಈ ನೀರಿಗಾಗಿ 2015ರ ಜುಲೈದಿಂದ ವರ್ಷಗಟ್ಟಲೆ ಧರಣಿ ಕುಂತಾಗ ಇಂವ ಸದನದಾಗ ಏನ್ ಕೇಳಿದ? ವಿಧಾನಸಭೆ ಜಾಲತಾಣದಾಗ ಪ್ರಶ್ನೋತ್ತರ, ಕಲಾಪದ ವರದಿ ಸಿಗತಾವ. ಅಂವನ ಹೆಸರಿಲೆ ಎಷ್ಟು ಪ್ರಶ್ನೆ, ಯಾವ ವಿಷಯಕ್ಕ, ಎಣಸು. ಮಂತ್ರಿ ಆಗಿದ್ದ ಅವಧಿ ಬಿಡು, ಮಂತ್ರಿ ಉತ್ತರ ಕೊಡತಾನ, ಪ್ರಶ್ನೆ ಕೇಳೂದಿಲ್ಲ. ಇದು ಗೊತ್ತಿಲ್ಲದ ‘ಒಂದೂ ಪ್ರಶ್ನೆ ಕೇಳಿಲ್ಲ’ ಅಂತ ಹಾಕಿ ನಗಿಪಾಟಲ ಆದವರು ಭಾಳ ಮಂದಿ ಅದಾರ.

ಇನ್ನ ರೊಕ್ಕದ್ದು. ಶಾಸಕರ ನಿಧಿ ವರ್ಷಕ್ಕ 2 ಕೋಟಿ, ಜಿಲ್ಲಾಧಿಕಾರಿ ಕಚೇರಿ ಮೂಲಕ ಖರ್ಚಾಗತೈತಿ. ಇದು ಪೂರಾ ಅಂವನ ಆಯ್ಕಿ. ಮಾಹಿತಿ ಹಕ್ಕಿನ್ಯಾಗ ಅರ್ಜಿ ಹಾಕು, ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಾಗ ಒಂದು ಅರ್ಜಿಗೆ ಒಂದ ವಿಷಯ, 150 ಪದದ ಒಳಗ. ಅರ್ಜಿ ಬಿದ್ದು ಹೋಗೂದು ಹೆಚ್ಚಾಗಿ ಇಲ್ಲೇ: ಸಿಟ್ಟಿನ ಮಂದಿ ಎರಡು ಪುಟ ಬರೀತಾರ, ಅದರಾಗ ರಸ್ತಾ, ಗಟಾರ, ಆಸ್ಪತ್ರಿ ಎಲ್ಲಾ ತುಂಬತಾರ, ಕಡೀಕ ‘ಯಾಕ ಮಾಡಿಲ್ಲ?’ ಅಂತ ಕೇಳತಾರ. ‘ಯಾಕ’ಕ್ಕ ಉತ್ತರ ಬರೂದಿಲ್ಲ. ಕಡತದಾಗ ಇದ್ದದ್ದು ಅಷ್ಟ ಕೊಡತಾರ. ನೀ ಹಿಂಗ ಕೇಳು: ಇಂಥಾ ವಿಧಾನಸಭಾ ಕ್ಷೇತ್ರ, ಇಂಥಾ ಆರ್ಥಿಕ ವರ್ಷ, ಬಿಡುಗಡೆ ಆದ ಮೊತ್ತ, ಕಾಮಗಾರಿ ಹೆಸರು ಮತ್ತು ಸ್ಥಳ, ಅಂದಾಜು ಮೊತ್ತ, ಪಾವತಿ ಆದ ಮೊತ್ತ, ಮುಗಿದ ದಿನಾಂಕ. ಒಂದು ವರ್ಷಕ್ಕ ಒಂದು ಅರ್ಜಿ. ‘ಎಲ್ಲಾ ದಾಖಲಿ ಕೊಡ್ರಿ’ ಅಂದ್ರ ಪುಟಕ್ಕ 2 ರೂಪಾಯಿಯಂಗ ಬಿಲ್ ಬಂದು ನೀನ ಹಿಂದ ಸರೀತಿ. 30 ದಿನದಾಗ ಉತ್ತರ ಬರದಿದ್ರ ಮುಂದಿನ 30 ದಿನದ ಒಳಗ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ರ 90 ದಿನದ ಒಳಗ ಮಾಹಿತಿ ಆಯೋಗ. ತಾರೀಖು ಕ್ಯಾಲೆಂಡರಿನ ಮ್ಯಾಲ ಬರದಿಡು. ಗಡುವು ತಪ್ಪಿಸೂದು ಅಧಿಕಾರಿ ಒಬ್ಬನ ಚಾಳಿ ಅಲ್ಲ.

ಪಟ್ಟಿ ಕೈಗೆ ಬಂದ ಮ್ಯಾಲ ಗಾಡಿ ಹತ್ತಿ ಹೋಗಿ ನೋಡು. ಶುದ್ಧ ನೀರಿನ ಘಟಕ ಅಂತ ಇದ್ರ ರೊಕ್ಕ ಹಾಕು, ನೀರು ಬರತೈತೋ ಇಲ್ಲೋ. ಸಮುದಾಯ ಭವನ ಅಂತ ಇದ್ರ ಕೀಲಿ ಯಾರ ಹತ್ರ ಐತಿ ಕೇಳು. ಕೆಲಸ ಆಗಿದ್ರ ಆಗೈತಿ ಅಂತ ಬರಿ. ಒಲ್ಲದ ಮನಸ್ಸಿನಿಂದಾದರೂ ಬರಿ.

ಆಸ್ತಿ ಮಾತಿಗೆ ಬಂದ್ರ, ನಾಮಪತ್ರದ ಜೊತಿ ಕೊಡೂ ಪ್ರಮಾಣಪತ್ರ, ಅದು ನಮೂನೆ 26, ಚುನಾವಣಾ ಆಯೋಗದ ಜಾಲತಾಣದಾಗ ಐತಿ. ಎರಡೂ ಚುನಾವಣಿದು ಬಾಜೂಬಾಜೂಕ ಇಡು. ಒಟ್ಟು ಮೊತ್ತ ಒಂದ ನೋಡಿ ‘ಇಷ್ಟ್ ಪಟ್ಟು ಏರೈತಿ’ ಅಂತ ಕೂಗಬ್ಯಾಡ. ಬೈಪಾಸ್ ಬಾಜೂಕಿದ್ದ ಅಜ್ಜನ ಹೊಲ ಕುಂತಲ್ಲೇ ಬೆಲಿ ಏರತೈತಿ. ಖರೀದಿ ತಾರೀಖಿನ ಕಾಲಂ ನೋಡು, ಹೆಂಡತಿ ಮತ್ತ ಅವಲಂಬಿತರ ಕಾಲಂ ನೋಡು, ಐದು ವರ್ಷದ ಆದಾಯದ ಕಾಲಂ ನೋಡು. ಅಂವ ಅಧಿಕಾರದಾಗ ಇದ್ದಾಗ ಕೊಂಡದ್ದು, ಆ ಆದಾಯದಾಗ ಕೊಳ್ಳಾಕ ಬರೂವಂಥಾದ್ದೋ ಅಲ್ಲೋ, ಅಷ್ಟ ಪ್ರಶ್ನೆ.

ಇಷ್ಟೆಲ್ಲಾ ಆಗಿ ಬಿಡಬೇಕು ಅಂತನ ಅನಿಸಿದ್ರ, ಬಿಡೂದಕ್ಕ ಒಂದು ರೀತಿ ಐತಿ. ಮೊದಲ ನಿನ್ನ ಹೆಸರು ಎಲ್ಲೆಲ್ಲಿ ಐತಿ ಹುಡುಕು. ಶಾಮಿಯಾನದವನ ಚೀಟಿ, ಖಾನಾವಳಿ ಉದ್ರಿ, ಧ್ವನಿವರ್ಧಕದ ಬಾಡಿಗಿ, ಜೀಪಿನ ಡೀಸೆಲ್ಲು, ಇವು ನಾಯಕನ ಹೆಸರಿಲೆ ಇರೂದಿಲ್ಲ, ‘ಮಂಜಣ್ಣ ಹೇಳ್ಯಾನ’ ಅಂತ ಇರತಾವ. ನೀ ಪಕ್ಷ ಬಿಟ್ಟ ಮರುದಿನ ಅವರೆಲ್ಲಾ ನಿಮ್ಮನಿ ಬಾಗಲಿಗೆ ಬರತಾರ, ಪಕ್ಷದ ಆಫೀಸಿನವರು ‘ಅದು ಅಂವಂದ ಸ್ವಂತ’ ಅಂತಾರ. ಅದಕ್ಕ ಒಳಗ ಇರೂವಾಗಲೇ ಪಟ್ಟಿ ಮಾಡಿ, ಆಫೀಸಿಗೆ ಕೊಟ್ಟು, ಸಹಿ ಹಾಕಿಸ್ಕೊ. ಯಾರಿಗಾದ್ರೂ ಖಾಲಿ ಚೆಕ್ ಕೊಟ್ಟಿದ್ರ ಈ ವಾರದಾಗ ತಿರುಗಿ ತಗೊ. ಗಣಪತಿ ಮಂಡಳಿ ಖಾತೆಯಾಗ ಪಕ್ಷದವರ ಜೋಡಿ ನಿನ್ನ ಸಹಿ ಇದ್ರ, ಠರಾವು ಬರಸಿ ಬದಲು ಮಾಡಸು. ಸದಸ್ಯತ್ವದ ರಾಜೀನಾಮೆ ಎರಡು ಸಾಲು ಇರಲಿ, ಸ್ಪೀಡ್ ಪೋಸ್ಟಿನಾಗ ಕಳಿಸಿ ರಸೀದಿ ಇಟ್ಕೊ. ವಾಟ್ಸಾಪ್ ಗ್ರೂಪಿನ ಅಡ್ಮಿನ್ ಇನ್ನೊಬ್ಬರಿಗೆ ಕೊಟ್ಟು ಸುಮ್ಮನ ಹೊರಗ ಬಾ. ಬರಿಯೂದಿದ್ರ ದಾಖಲಿ ಇದ್ದಷ್ಟ ಬರಿ. ಮಾನಹಾನಿಗೆ ಹೊಸ ಭಾರತೀಯ ನ್ಯಾಯಸಂಹಿತೆಯ 356ನೇ ಕಲಂ ಐತಿ, ಎರಡು ವರ್ಷದ ತನಕ ಶಿಕ್ಷೆ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳತೀನಿ. ನಿನ್ನ ಬೂತಿನ ಮನಿಮನಿ ಫೋನ್ ನಂಬರಿನ ಪಟ್ಟಿ ಐತೆಲ್ಲ, ಚಹಾಕ್ಕ ಕರದವರಿಗೆ ಬೇಕಾದದ್ದು ನೀ ಅಲ್ಲ, ಅದು. ಆ ಮಂದಿ ನಂಬರ್ ಕೊಟ್ಟದ್ದು ಪಕ್ಷಕ್ಕೂ ಅಲ್ಲ, ನಿಮ್ಮಪ್ಪನ ಮಾರಿ ನೋಡಿ. ಹಳೇ ಪಕ್ಷಕ್ಕೂ ಬಿಡಬ್ಯಾಡ, ಹೊಸಬರಿಗೂ ಕೊಡಬ್ಯಾಡ, ಅಳಸಿ ಹಾಕು.

ಇನ್ನ ಅಂವನೇ ಪಕ್ಷ ಬದಲಿಸಿದ್ರ? ನಮ್ಮ ಬಾಜೂಕಿನ ಹಾವೇರಿ ಜಿಲ್ಲಾದಾಗ ಹಿರೇಕೆರೂರು, ರಾಣೆಬೆನ್ನೂರು ಎರಡೂ ಕಡೆ ಶಾಸಕರ ಪಕ್ಷಾಂತರದ ಗದ್ದಲದಿಂದನ 2019ರ ಡಿಸೆಂಬರದಾಗ ಉಪಚುನಾವಣಿ ಆತು. ನಾಯಕರು ಒಂದ ರಾತ್ರ್ಯಾಗ ಬಣ್ಣ ಬದಲಿಸಬಹುದು, ಅವರ ಹಿಂದಿನ ಹುಡುಗರಿಗೆ ಮಾತ್ರ ನಿನ್ನೆ ಬೈದ ಮನಿಗೇ ಹೋಗಿ ವೋಟು ಕೇಳೂ ಪಾಳಿ ಬರತೈತಿ. ಪಕ್ಷಾಂತರ ನಿಷೇಧ ಕಾಯ್ದೆ ಶಾಸಕರಿಗೆ ಐತಿ, ನಿನಗಿಲ್ಲ. ಹಂಗಂತ ಓಣಿ ಮಂದಿ ಮರೀತಾರ ಅಂತ ತಿಳೀಬ್ಯಾಡ.

ಹಳೇ ಗೆಳೆಯರ ಜೋಡಿ ಗಿರಮಿಟ್ಟು ತಿನ್ನೂದು ಬಿಡಬ್ಯಾಡ. ಅವರು ಇನ್ನೂ ಅಲ್ಲೇ ಅದಾರ ಅಂದ್ರ ಅವರೆಲ್ಲಾ ಮೂರ್ಖರಲ್ಲ. ಹೋದ ವರ್ಷದ ತನಕ ನೀನೂ ಅಲ್ಲೇ ಇದ್ದಿ.

ಅಮಾಸಿ ಮುಗದ ಮ್ಯಾಲ ಒಂದಿನ ಗದಗಿಗೆ ಬಾ. ನೋಟ್‌ಬುಕ್ ತಾ, ಅರ್ಜಿ ಕರಡು ತಾ, 150 ಪದ ದಾಟಿದ್ರ ಕೂತು ಕಡಿಮಿ ಮಾಡೂಣು. ಶಾಮಿಯಾನದವನ ಚೀಟಿ ಮಾತ್ರ ಮೂಲ ತರಬ್ಯಾಡ, ಜೆರಾಕ್ಸ್ ಸಾಕು.

ನಿನ್ನ ಮಾವ