ಪೋಸ್ಟ್‌ಮ್ಯಾನ್ ಹೆಸರು ಸಿಕ್ಕಿತು

ಪ್ರೀತಿಯ ಗೆಳೆಯಾ,

ಹೇಗಿದ್ದೀಯ? ಅಮ್ಮನ ಮಂಡಿನೋವು ಕಡಿಮೆ ಆಯ್ತಾ? ಮೊನ್ನೆ ನಿನಗೊಂದು ಪಾರ್ಸೆಲ್ ಹಾಕಿದ್ದೇನೆ. ಒಳಗೆ ಹನ್ನೊಂದು ಹಳೇ ಪತ್ರಿಕೆಗಳಿವೆ. ರದ್ದಿ ಅಂದುಕೊಂಡು ಮೂಲೆಗೆ ಹಾಕಬೇಡ, ಮೊದಲು ಈ ಪತ್ರ ಓದು.

ಬೇಸಿಗೆ ರಜೆಯಲ್ಲಿ ನಿಮ್ಮನೆಯಲ್ಲಿ ಬಾಡಿಗೆ ಕ್ಯಾಸೆಟ್ ತಂದು ಹಳೇ ಹಾಲಿವುಡ್ ಹಾಸ್ಯಜೋಡಿ ಲಾರೆಲ್–ಹಾರ್ಡಿಯ ಸಿನಿಮಾ ನೋಡುತ್ತಿದ್ದೆವಲ್ಲ, ನೆನಪಿದೆಯಾ? ಪಿಯಾನೋ ಹೊತ್ತು ಮೆಟ್ಟಿಲು ಹತ್ತುವ ಸಿನಿಮಾ? ಉಸಿರು ಬಿಟ್ಟುಕೊಂಡು ಮೇಲೆ ತಲುಪಿದ ಮೇಲೆ ಪೋಸ್ಟ್‌ಮ್ಯಾನ್ ಬಂದು, ಆ ಕಡೆಯಿಂದ ಗಾಡಿ ರಸ್ತೆಯೇ ಇತ್ತಲ್ಲ ಅನ್ನುತ್ತಾನೆ. ಇವರು ಪಿಯಾನೋವನ್ನು ಮತ್ತೆ ಕೆಳಗಿಳಿಸುತ್ತಾರೆ! ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ನಿಮ್ಮಪ್ಪ ನಕ್ಕೂ ನಕ್ಕೂ ಕೆಮ್ಮು ಹತ್ತಿ, ಹಿಂದಕ್ಕೆ ತಿರುಗಿಸಿ ಅಂತ ಕೈಸನ್ನೆ ಮಾಡುತ್ತಿದ್ದರು. ‘ಈ ಪೋಸ್ಟ್‌ಮ್ಯಾನ್ ಹೆಸರೇನ್ರೋ?’ ಅಂತ ಪ್ರತಿ ಸಲ ಕೇಳುತ್ತಿದ್ದರು. ನಮಗೆಲ್ಲಿ ಗೊತ್ತಿತ್ತು?

ಹೋದ ತಿಂಗಳು ಅಲ್ವರ್‌ಸ್ಟನ್‌ಗೆ ಹೋಗಿದ್ದೆ. ಇಂಗ್ಲೆಂಡಿನ ಉತ್ತರದ ಪುಟ್ಟ ಊರು. ಸ್ಟ್ಯಾನ್ ಲಾರೆಲ್ 1890ರಲ್ಲಿ ಹುಟ್ಟಿದ್ದು ಅಲ್ಲೇ, ಅಜ್ಜಿ ಮನೆಯಲ್ಲಿ. 1947ರಲ್ಲಿ ಹಾರ್ಡಿ ಜೊತೆ ವಾಪಸ್ ಬಂದಾಗ ಊರಿಗೆ ಊರೇ ಸೇರಿತ್ತಂತೆ. ಅಲ್ಲಿ ಹಳೇ ಪುಸ್ತಕದ ಅಂಗಡಿಯೊಂದರಲ್ಲಿ ಈ ಕಟ್ಟು ಸಿಕ್ಕಿತು.

ಇದು ‘ಸನ್ಸ್ ಆಫ್ ದ ಡೆಸರ್ಟ್’ ಅನ್ನುವ ಅಭಿಮಾನಿಗಳ ಸಂಘದ ಪತ್ರಿಕೆ. ಹೆಸರು ‘ಇಂಟ್ರಾ-ಟೆಂಟ್ ಜರ್ನಲ್’. ಸಂಘದ ಹೆಸರು ಲಾರೆಲ್–ಹಾರ್ಡಿಯರದೇ 1933ರ ಸಿನಿಮಾದಿಂದ ಬಂದದ್ದು. ಅವರ ಬಗ್ಗೆ ಪುಸ್ತಕ ಬರೆದ ಜಾನ್ ಮೆಕೇಬ್ ಮತ್ತು ಕೆಲವು ಗೆಳೆಯರು 1965ರಲ್ಲಿ ನ್ಯೂಯಾರ್ಕಿನಲ್ಲಿ ಶುರು ಮಾಡಿದರು. ಶಾಖೆಗಳಿಗೆ ಟೆಂಟ್ ಅನ್ನುತ್ತಾರೆ. ಒಂದೊಂದಕ್ಕೂ ಒಂದೊಂದು ಸಿನಿಮಾದ ಹೆಸರು: ಗ್ಲಾಸ್ಗೋದ್ದು ‘ಬಾನಿ ಸ್ಕಾಟ್ಲೆಂಡ್’, ಲಾಸ್ ಏಂಜಲೀಸಿನದ್ದು ‘ವೇ ಔಟ್ ವೆಸ್ಟ್’. ಸಂಘಕ್ಕೆ ಧ್ಯೇಯವಾಕ್ಯ ಸೂಚಿಸಿದ್ದು ಸ್ವತಃ ಲಾರೆಲ್. ನಮ್ಮ ಮಾತಲ್ಲಿ ಹೇಳಿದರೆ, ‘ತಲೆ ಎರಡು, ಯೋಚನೆ ಒಂದೂ ಇಲ್ಲ’. ಅದೇ ವರ್ಷ ಫೆಬ್ರವರಿಯಲ್ಲಿ ಅವನು ತೀರಿಕೊಂಡ.

ಆದರೆ ನಾನು ಹೇಳಹೊರಟದ್ದು ಬೇರೆ. ಕಟ್ಟಿನಲ್ಲಿ ಒಂದು ಸಂಚಿಕೆಯ ರಟ್ಟು ಕಿತ್ತುಹೋಗಿದೆ, ಪಿನ್ನು ತುಕ್ಕು ಹಿಡಿದಿದೆ. ಅದರ ನಡುವಿನ ಪುಟದಲ್ಲಿ ಒಂದು ಗುಂಪಿನ ಫೋಟೋ. ಹಿಂದೆ ನಿಂತ ಒಬ್ಬ ಗಿಡ್ಡ ಮನುಷ್ಯನ ಕಡೆಗೆ ಯಾರೋ ನೀಲಿ ಪೆನ್ನಿನಲ್ಲಿ ಬಾಣದ ಗುರುತು ಹಾಕಿ ‘ಚಾರ್ಲಿ?’ ಅಂತ ಬರೆದಿದ್ದಾರೆ. ಕೆಳಗೆ ಬೇರೆ ಕೈಬರಹ, ಕಪ್ಪು ಶಾಯಿ: ‘ಹೌದು, ಅವನೇ’. ಅದನ್ನು ನೋಡಿ ನನಗೆ ಗಂಟಲು ಕಟ್ಟಿತು ಕಣೋ. ಇಬ್ಬರು ಓದುಗರು, ಒಂದೇ ಪ್ರತಿ, ಒಬ್ಬ ಸಣ್ಣ ನಟನ ಮುಖಕ್ಕಾಗಿ ಇಷ್ಟು ಹುಡುಕಾಟ!

ಆ ಚಾರ್ಲಿ ಅಂದರೆ ಚಾರ್ಲಿ ಹಾಲ್. ಬರ್ಮಿಂಗ್‌ಹ್ಯಾಮ್ ಕಡೆಯವನು, ಮೊದಲು ಬಡಗಿ. ಲಾರೆಲ್–ಹಾರ್ಡಿ ಜೊತೆ 40ಕ್ಕೂ ಹೆಚ್ಚು ಸಿನಿಮಾಗಳಲ್ಲಿ ಇದ್ದಾನೆ. ಸುಮ್ನೆ ಬಂದು, ಜಗಳ ತೆಗೆದು, ಏಟು ತಿಂದು ಹೋಗುವ ಪಾತ್ರಗಳೇ ಜಾಸ್ತಿ. 1927ರ ‘ದ ಬ್ಯಾಟಲ್ ಆಫ್ ದ ಸೆಂಚುರಿ’ಯಲ್ಲಿ ಬಾಳೆಹಣ್ಣಿನ ಸಿಪ್ಪೆ ಮೇಲೆ ಕಾಲಿಟ್ಟು ಜಾರುವ, ಪೈ ಅನ್ನುವ ಸಿಹಿತಿಂಡಿ ಮಾರುವವನು ಇವನೇ. ಅಲ್ಲಿಂದ ಬೀದಿ ತುಂಬಾ ಕ್ರೀಮ್ ಪೈ ಎರಚಾಟ. ಆ ಎರಚಾಟದ ರೀಲು ಪೂರ್ತಿಯಾಗಿ ಎಲ್ಲೂ ಇರಲಿಲ್ಲ, ತುಣುಕುಗಳಷ್ಟೇ ಉಳಿದಿದ್ದವು. ಕೊನೆಗೆ 2015ರಲ್ಲಿ ಸಿಕ್ಕಿತು. ಅದೇ ಸಿನಿಮಾದಲ್ಲಿ ಬಿದ್ದು ಪೈ ಮೇಲೆ ಕೂತು, ಎದ್ದು ಕಾಲು ಒದರಿಕೊಂಡು ನಡೆದುಹೋಗುವ ಹುಡುಗಿ ಅನಿಟಾ ಗಾರ್ವಿನ್. ಕೆಲವೇ ಸೆಕೆಂಡಿನ ಪಾತ್ರ. ಆಕೆಗೆ ವಯಸ್ಸಾದ ಮೇಲೂ ಇದೇ ಅಭಿಮಾನಿಗಳು ಹುಡುಕಿಕೊಂಡು ಹೋಗಿ ಮಾತಾಡಿಸಿದರು.

ದೊಡ್ಡ ನಟರನ್ನು ಯಾರು ಬೇಕಾದರೂ ನೆನಪಿಡುತ್ತಾರೆ. ಏಟು ತಿಂದವರ ಹೆಸರನ್ನೂ ಬರೆದಿಟ್ಟರಲ್ಲ, ಅದಕ್ಕೇ ಈ ಪತ್ರಿಕೆ ಅಂದರೆ ನನಗಿಷ್ಟು ಪ್ರೀತಿ.

ಈಗ ಮುಖ್ಯ ವಿಷಯ. ಪಿಯಾನೋ ಸಿನಿಮಾ, ‘ದ ಮ್ಯೂಸಿಕ್ ಬಾಕ್ಸ್’, 1932ರದು, ಆಸ್ಕರ್ ಗೆದ್ದದ್ದು. ಅದರ ಪೋಸ್ಟ್‌ಮ್ಯಾನ್ ಕೂಡ ಚಾರ್ಲಿ ಹಾಲೇ! ಬಾಣದ ಗುರುತಿನ ಸಂಚಿಕೆಯನ್ನು ಎಲ್ಲಕ್ಕಿಂತ ಮೇಲಿಟ್ಟಿದ್ದೇನೆ. ಅಪ್ಪನ ಕನ್ನಡಕ ಹುಡುಕಿಕೊಟ್ಟು, ಆ ಪುಟ ತೆರೆದು ಅವರ ಕೈಗೆ ಕೊಡು. ಏನಂದರು ಅಂತ ಮರೀದೇ ಬರಿ.

ನಿನ್ನ ಗೆಳೆಯ